ಗಂಡಾಂತರ ಕಳೆದ ಮೇಲೆ

ಮರಣದ ಅಂಚನ್ನು ಮುಟ್ಟಿಬಂದ ಮಗುವೊಂದು ಹಾಸನದ ಅಥವಾ ಬೆಂಗಳೂರಿನ ತೀವ್ರ ನಿಗಾ ಘಟಕದಿಂದ ಬಿಡುಗಡೆ ಹೊಂದಿ ಅರಸೀಕೆರೆಯ ತೆಂಗಿನ ತೋಟದ ಮನೆಗೋ, ಬೇಲೂರಿನ ಕಾಫಿ ತೋಟದ ಲೈನು ಮನೆಗೋ, ಹಳೇಬೀಡಿನ ಕೆರೆಯ ಕೆಳಗಣ ಹಳ್ಳಿಗೋ ಹಿಂದಿರುಗಿದಾಗ, ಬಂಧುಗಳೆಲ್ಲ ನೆರೆದು ‘ಮರುಹುಟ್ಟು ಪಡೆಯಿತು, ಗಂಡಾಂತರ ಕಳೆಯಿತು’ ಎಂದು ಹರಸುವುದೂ ಹೊತ್ತ ಹರಕೆಯನ್ನು ತೀರಿಸುವುದೂ ಸಹಜವಾದುದೇ. ಆದರೆ ಕೆಲವು ವಾರಗಳ ತರುವಾಯ, ಹಿಂದೆ ಮಗ್ಗಿಯನ್ನು ನಿರರ್ಗಳವಾಗಿ ಒಪ್ಪಿಸುತ್ತಿದ್ದ ಹುಡುಗನು ನಡುವೆಯೇ ತಡವರಿಸತೊಡಗಿದರೆ, ಇರುಳಿನಲ್ಲಿ ಚೀರಿ ಎದ್ದರೆ, ತಾಯಿಯ ಸೆರಗನ್ನು ಬಿಡದೆ ಹೋದರೆ, ಮನೆಯವರು ದೃಷ್ಟಿ ತೆಗೆಯುತ್ತಾರೆ, ತಾಯಿತ ಕಟ್ಟಿಸುತ್ತಾರೆ. ಮೇಷ್ಟರು ಅದನ್ನು ಸೋಮಾರಿತನವೆಂದು ಬಗೆಯುತ್ತಾರೆ. ವ್ಯಾಧಿಯ ಶೇಷವನ್ನು ಮಗುವಿನ ಸ್ವಭಾವದೋಷವೆಂದು ಎಣಿಸುವ ಈ ಪ್ರಮಾದಕ್ಕಿಂತ ಕ್ರೂರವಾದ ಅನ್ಯಾಯವನ್ನು ನಾನು ಸುಲಭವಾಗಿ ಊಹಿಸಲಾರೆ.

ಮೆದುಳು ಜ್ವರವಾಗಲಿ, ಡೆಂಗೆಯ ಆಘಾತವಾಗಲಿ, ಹಾವಿನ ಕಡಿತವಾಗಲಿ, ರಕ್ತಕ್ಕೆ ಏರಿದ ಸೋಂಕಾಗಲಿ, ಅದು ಆಮ್ಲಜನಕದ ಮತ್ತು ರಕ್ತದ ಸಂಚಾರವನ್ನು ಕುಂದಿಸಿ ಬೆಳೆಯುತ್ತಿರುವ ಮಿದುಳನ್ನು ನೋಯಿಸಬಲ್ಲುದು. ಅದರ ಮೇಲೆ ವೆಂಟಿಲೇಟರಿನ ಕೊಳವೆ, ಮಂಪರು ತರಿಸುವ ಔಷಧಗಳು, ಹಗಲಿರುಳೆಂಬ ಭೇದವಿಲ್ಲದ ಬೆಳಕು, ಎಡೆಬಿಡದೆ ಕೂಗುವ ಯಂತ್ರಗಳು, ಎಲ್ಲಕ್ಕೂ ಮಿಗಿಲಾಗಿ ತಾಯಿಯ ಅಗಲಿಕೆ. ನಮ್ಮ ಹಿರಿಯರು ಸನ್ನಿ ಎಂದು ಕರೆಯುತ್ತಿದ್ದ ಚಿತ್ತಭ್ರಮೆಯು ಅಲ್ಲಿ ಮಕ್ಕಳನ್ನೂ ಹಿಡಿಯುತ್ತದೆ. ಲಂಡನ್ನಿನ ಮಕ್ಕಳ ಘಟಕವೊಂದರಿಂದ ಹೊರಬಂದ 102 ಮಕ್ಕಳನ್ನು ವಿಚಾರಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಮೂರರಲ್ಲೊಂದು ಪಾಲು ಮಕ್ಕಳಿಗೆ ಎಂದೂ ನಡೆಯದ ಭೀಕರ ಸಂಗತಿಗಳ ನೆನಪು ಉಳಿದಿತ್ತು. ಮಂಪರಿನ ಔಷಧವನ್ನು ಹೆಚ್ಚು ಕಾಲ ಪಡೆದವರಲ್ಲಿ ಅದು ಅಧಿಕವಾಗಿತ್ತು. ಬುದ್ಧಿಶಕ್ತಿಯ ವಿಷಯದಲ್ಲಿ, ಉಸಿರಾಟದ ವೈಫಲ್ಯದಿಂದ ಬದುಕುಳಿದ ಮಕ್ಕಳನ್ನು ಅವರ ಒಡಹುಟ್ಟಿದವರೊಡನೆ ಹೋಲಿಸಿದ ಅಮೆರಿಕದ 2022ರ ಅಧ್ಯಯನವು ಕಂಡುಕೊಂಡ ಸರಾಸರಿ ಅಂತರವು ಚಿಕ್ಕದೇ, ಬುದ್ಧಿಮಾಪನದ ಮೂರು ಅಂಕಗಳಿಗಿಂತ ಕಡಮೆ. ಇದು ತಂದೆತಾಯಿಗಳಿಗೆ ಧೈರ್ಯದ ಮಾತು. ಆದರೆ ಸರಾಸರಿಯ ಮರೆಯಲ್ಲಿ ಹೆಚ್ಚು ಹಿಂದೆಬಿದ್ದ ಮಕ್ಕಳೂ ಇರುತ್ತಾರೆ, ಎಳೆಯ ವಯಸ್ಸಿನವರಿಗೆ ಅಪಾಯ ಅಧಿಕ.

ಇಂತಹ ಮಗುವನ್ನು ಯಾರು ನೋಡಬೇಕು? ರೋಗ ಉಲ್ಬಣಿಸಿದಾಗ ಆಂಬುಲೆನ್ಸು ಬರುತ್ತದೆ, ಅರಸೀಕೆರೆ ಜಂಕ್ಷನ್ನಿನಿಂದ ಬೆಂಗಳೂರಿಗೆ ರೈಲುಗಳೂ ಉಂಟು. ಆದರೆ ಪುನಃಪರೀಕ್ಷೆಗೆಂದು ಕಾಫಿ ಕೊಯ್ಲಿನ ದಿನಗಳಲ್ಲಿ ಕೂಲಿ ಬಿಟ್ಟು ಬೇಲೂರಿನಿಂದ ಸುಮಾರು 40 ಕಿಲೋಮೀಟರು ದೂರದ ಹಾಸನಕ್ಕೆ ಬಸ್ಸು ಹತ್ತುವ ತಾಯಿ, ‘ಮಗು ಓಡಾಡಿಕೊಂಡಿದೆಯಲ್ಲ’ ಎಂದು ಮರುಸಲ ಹೋಗದಿದ್ದರೆ ಆಕೆಯನ್ನು ದೂರಲು ನನಗೆ ಮನಸ್ಸು ಬಾರದು. ಆದುದರಿಂದ ವ್ಯವಸ್ಥೆಯೇ ಆಕೆಯ ಬಳಿಗೆ ಬರಬೇಕು. ಅದಕ್ಕೆ ಹೊಸ ಇಲಾಖೆಯೇನೂ ಬೇಡ. 2013ರಲ್ಲಿ ಮೊದಲಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ನಿಯಮದಂತೆ ಸಂಚಾರಿ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಗೆ ಒಂದು ಬಾರಿ ಹೋಗತಕ್ಕದ್ದು. ಅವು ಪರೀಕ್ಷಿಸುವ ದೋಷಗಳ ಪಟ್ಟಿಯಲ್ಲಿ ಕಲಿಕೆಯ ತೊಡಕೂ ಗಮನದ ಕೊರತೆಯೂ ಸೇರಿವೆ. ಆದರೆ ಈ ಬಾಲಕನು ಹಿಂದಿನ ವರ್ಷ ಹತ್ತು ದಿನ ವೆಂಟಿಲೇಟರಿನಲ್ಲಿದ್ದನೆಂಬುದನ್ನು ಆ ತಂಡಕ್ಕೆ ತಿಳಿಸುವವರು ಯಾರು? ಕೈಗೆ ಕೊಡುವ ಡಿಸ್‌ಚಾರ್ಜ್ ಕಾಗದ ಇಂಗ್ಲಿಷಿನಲ್ಲಿದ್ದು, ಮಾತ್ರೆಗಳ ಹೆಸರಿನೊಡನೆ ಮುಗಿದುಹೋಗುತ್ತದೆ.

ತೀವ್ರ ನಿಗಾ ಘಟಕದಿಂದ ಮಗುವನ್ನು ಮನೆಗೆ ಕಳುಹಿಸುವ ಪ್ರತಿಯೊಂದು ಆಸ್ಪತ್ರೆಯೂ ಕನ್ನಡದಲ್ಲಿ ಒಂದು ಪುಟದ ಪತ್ರವನ್ನು ಬರೆದು, ತಂದೆತಾಯಿಗಳ ಒಪ್ಪಿಗೆ ಪಡೆದು, ಅದರ ಪ್ರತಿಗಳನ್ನು ತಾಲ್ಲೂಕಿನ ತಂಡಕ್ಕೂ ಮುಖ್ಯೋಪಾಧ್ಯಾಯರಿಗೂ ಕಳುಹಿಸುವಂತೆ ಸರ್ಕಾರವು ಆಜ್ಞೆ ಮಾಡಬೇಕು. ಮರೆವು, ಬೇಗನೆ ಬಳಲುವುದು, ದುಃಸ್ವಪ್ನ, ಸಿಡುಕು ಇವೆಲ್ಲ ಕೆಲವು ತಿಂಗಳು ಕಾಣಿಸಿಕೊಳ್ಳಬಹುದೆಂದೂ, ಮೊದಲಲ್ಲಿ ಅರ್ಧ ದಿನದ ಶಾಲೆ ಸಾಕೆಂದೂ, ತೊಂದರೆ ತಗ್ಗದಿದ್ದರೆ ಎಲ್ಲಿಗೆ ಹೋಗಬೇಕೆಂದೂ ಅದರಲ್ಲಿರಲಿ. ಘಟಕದ ಬಾಗಿಲಲ್ಲಿ ರಾತ್ರಿಗಳನ್ನು ಕಳೆದ ತಾಯಿಯ ನಿದ್ರೆಯೂ ಕೆಟ್ಟಿರುವುದರಿಂದ, ಟೆಲಿ ಮಾನಸ್ ಸಹಾಯವಾಣಿಯ 14416 ಎಂಬ ಸಂಖ್ಯೆಯೂ ಅದರಲ್ಲಿರಲಿ. ಓದು ಬಾರದ ಮನೆಯಲ್ಲಿ ಆ ಪತ್ರವನ್ನು ಆಶಾ ಕಾರ್ಯಕರ್ತೆಯು ಕುಳಿತು ಓದಿ ಹೇಳಲಿ.