ಸಂಶೋಧನೆಗೆ ಏಕಾಂತ ಬೇಕು, ಒಂಟಿತನವಲ್ಲ

"ಪಿಎಚ್.ಡಿ. ಎಂದರೆ ತಪಸ್ಸು, ಒಂಟಿಯಾಗಿರಲಾರದವರು ಅತ್ತ ಹೋಗಬಾರದು" ಎಂಬ ಮಾತನ್ನು ವಿದ್ಯಾವಂತರೇ ಆಡುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಏಕಾಂತವನ್ನು ನಾವೇ ಬಯಸಿ ಪಡೆಯುತ್ತೇವೆ. ಒಂಟಿತನವನ್ನು ಇತರರು ನಮ್ಮ ಮೇಲೆ ಹೇರುತ್ತಾರೆ. 'ಉಪನಿಷತ್' ಎಂಬ ಪದದಲ್ಲಿಯೇ ಗುರುವಿನ ಹತ್ತಿರ ಕುಳಿತುಕೊಳ್ಳುವ ಅರ್ಥವಿದೆ.

ಪ್ರೌಢಶಾಲೆಯಲ್ಲಿ ನಾವು ದಿನವೂ ಹಾಜರಿ ಕರೆಯುತ್ತಿದ್ದೆವು. ಹುಡುಗನೊಬ್ಬ ಮೂರು ದಿನ ಬಾರದಿದ್ದರೆ ಅವನ ಊರಿನ ಮಕ್ಕಳನ್ನು ವಿಚಾರಿಸುತ್ತಿದ್ದೆವು. ವಿಶ್ವವಿದ್ಯಾಲಯದಲ್ಲಿ ಕೋರ್ಸ್‌ವರ್ಕ್ ಮುಗಿದೊಡನೆ ಸಹಪಾಠಿಗಳು ಚದುರುತ್ತಾರೆ. ಯುಜಿಸಿಯ 2022ರ ನಿಯಮಾವಳಿಯಂತೆ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ ಬೇಕು. ವಿಸ್ತರಣೆ ಬಿಟ್ಟರೆ ಗರಿಷ್ಠ ಅವಧಿ 6 ವರ್ಷ. ಸೆಮಿಸ್ಟರಿಗೊಮ್ಮೆ ಸಲಹಾ ಸಮಿತಿಯ ಮುಂದೆ ಪ್ರಗತಿ ಒಪ್ಪಿಸಬೇಕು. ಅಲ್ಲಿ ಅಧ್ಯಾಯ ಎಷ್ಟಾಯಿತೆಂದು ಕೇಳುತ್ತಾರೆಯೇ ಹೊರತು ಹೇಗಿದ್ದೀಯೆಂದು ಕೇಳುವುದು ಅಪರೂಪ. ಶಿಷ್ಯವೇತನದ ಕಾಗದಕ್ಕೂ ಪ್ರಬಂಧಕ್ಕೂ ಮಾರ್ಗದರ್ಶಕರ ಸಹಿ ಬೇಕು. ಅವರೊಡನೆಯೇ ಮನಸ್ತಾಪವಾದರೆ ವಿದ್ಯಾರ್ಥಿ ಯಾರಲ್ಲಿ ಹೇಳಿಕೊಳ್ಳಬೇಕು? ಕನ್ನಡ ಮಾಧ್ಯಮದಲ್ಲಿ ಓದಿ, ಮನೆಯ ಮೊದಲ ಪದವೀಧರನಾಗಿ ಹೋದವನಿಗಂತೂ ಇಂಗ್ಲಿಷಿನ ವಿಚಾರಗೋಷ್ಠಿಯಲ್ಲಿ ಬಾಯಿ ತೆರೆಯುವುದೇ ಒಂದು ಸಾಹಸ.

ಇದು ಎಳೆಯರ ಮನೋದೌರ್ಬಲ್ಯವೆನ್ನುವವರು 2018ರಲ್ಲಿ 'ನೇಚರ್ ಬಯೋಟೆಕ್ನಾಲಜಿ' ಪತ್ರಿಕೆ ಪ್ರಕಟಿಸಿದ ಸಮೀಕ್ಷೆಯನ್ನು ನೋಡಲಿ. 26 ದೇಶಗಳ 2,279 ಮಂದಿ ಉತ್ತರಿಸಿದ್ದರು, ಹೆಚ್ಚಿನವರು ಪಿಎಚ್.ಡಿ. ವಿದ್ಯಾರ್ಥಿಗಳು. ಅವರಲ್ಲಿ ಶೇ. 39ರಷ್ಟು ಮಂದಿಗೆ ಮಧ್ಯಮದಿಂದ ತೀವ್ರ ಮಟ್ಟದ ಖಿನ್ನತೆಯ ಲಕ್ಷಣಗಳಿದ್ದವು. ಇಷ್ಟೊಂದು ಜನರೂ ದುರ್ಬಲರೇ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯಾರ್ಥಿಗಳ ಸಾವುಗಳ ತರುವಾಯ, 2021ರ ಡಿಸೆಂಬರಿನಲ್ಲಿ ಹಾಸ್ಟೆಲಿನ ಚಾವಣಿಯ ಫ್ಯಾನುಗಳನ್ನು ಕಳಚತೊಡಗಿದರು. ನಾನು ಇದನ್ನು ಹೀಗಳೆಯಲಾರೆ. ಒಂದು ಜೀವ ಉಳಿದರೂ ಅದು ಸಾರ್ಥಕ. ಆದರೆ ಕೋಣೆಯೊಳಗಿರುವವನನ್ನು ಮಾತನಾಡಿಸುವ ಕೆಲಸವನ್ನು ಯಾವ ಬಡಗಿಯೂ ಮಾಡಲಾರ. ಪ್ರತಿ ವಿಭಾಗದಲ್ಲೂ ವಾರಕ್ಕೊಮ್ಮೆ ಎಲ್ಲರೂ ಕೂಡುವ ಗೋಷ್ಠಿ, ಅಹವಾಲು ಕೇಳಲು ಇನ್ನೊಬ್ಬ ಅಧ್ಯಾಪಕರು, ತಿಂಗಳಿಗೆ ಸರಿಯಾಗಿ ಶಿಷ್ಯವೇತನ, ಕಳಂಕವಿಲ್ಲದೆ ಮಾರ್ಗದರ್ಶಕರನ್ನು ಬದಲಿಸುವ ಅವಕಾಶ: ಇವು ದುಬಾರಿಯ ಬೇಡಿಕೆಗಳಲ್ಲ.

ಬಂಧುಗಳೇ, ನಮ್ಮ ಪಾಲೂ ಇದರಲ್ಲಿದೆ. ಹಬ್ಬಕ್ಕೆ ಬಂದವನನ್ನು "ಇನ್ನೂ ಮುಗಿಯಲಿಲ್ಲವೇ? ಕೆಲಸ ಯಾವಾಗ? ಮದುವೆ ಯಾವಾಗ?" ಎಂದು ಕೇಳಿ ಕೇಳಿ, ಮುಂದಿನ ಹಬ್ಬಕ್ಕೆ ಬಾರದಂತೆ ಮಾಡುವವರು ನಾವೇ. ಬದಲಿಗೆ "ಏನು ಓದುತ್ತಿದ್ದೀಯಪ್ಪ? ನನಗೂ ತಿಳಿಯುವಂತೆ ಹೇಳು" ಎಂದು ಕೇಳಿ ನೋಡಿ. ಸಂಶೋಧನೆಗೆ ತೊಡಗಿರುವ ನನ್ನ ಹಳೆಯ ವಿದ್ಯಾರ್ಥಿಗಳೇ, ನೀವು ವಿವರಿಸಿದರೆ ಕೇಳಲು ನಾನಂತೂ ಸಿದ್ಧನಿದ್ದೇನೆ. ಪ್ರಬಂಧ ಮುಗಿದಿರಬೇಕೆಂಬ ಷರತ್ತೇನಿಲ್ಲ.