ಒಂದೇ ಊರು, ಎರಡು ಕಡಲು

ಮಕ್ಕಳೇ,

ದಸರಾ ರಜೆಗೆ ಈ ಸಲ ಮಡಿಕೇರಿಯ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನಿಗೆ ಇಬ್ಬರು ಮಕ್ಕಳು. ಪುಟ್ಟಿ ಏಳನೇ ತರಗತಿ, ಚಿನ್ನು ನಾಲ್ಕನೇ ತರಗತಿ. ನಾನು ಬಸ್ಸಿಳಿಯುವ ಮೊದಲೇ ಇಬ್ಬರೂ ಸೇರಿ ಎಲ್ಲ ತೀರ್ಮಾನ ಮಾಡಿಬಿಟ್ಟಿದ್ದರು. “ಚಿಕ್ಕಮ್ಮ, ದಿನಕ್ಕೊಂದು ಜಲಪಾತ. ಬೆಳಿಗ್ಗೆ ಹೊರಡೋದು, ಸಂಜೆ ಮನೆಗೆ ಬರೋದು!”

ಮಡಿಕೇರಿ ಅದಕ್ಕೆ ಹೇಳಿ ಮಾಡಿಸಿದ ಊರು. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಮಳೆಗಾಲ ಮುಗಿದ ಮೇಲೂ ಬೆಟ್ಟಗಳು ನೀರು ಜಿನುಗಿಸುತ್ತಲೇ ಇರುತ್ತವೆ. ಭಾವ ಕಾರು ತೆಗೆದರು. ಅಕ್ಕ ಅಕ್ಕಿರೊಟ್ಟಿ, ಚಟ್ನಿ ಕಟ್ಟಿಕೊಟ್ಟಳು. ಜತೆಗೊಂದು ಉಪ್ಪಿನ ಪೊಟ್ಟಣ. “ಇದ್ಯಾಕೆ?” ಎಂದೆ. “ಇಂಬಳಕ್ಕೆ!” ಎಂದು ಚಿನ್ನು ನಕ್ಕ. ಕಾಲಿಗೆ ಕಚ್ಚಿದ ಇಂಬಳಕ್ಕೆ ಉಪ್ಪು ಸೋಕಿದರೆ ತಾನಾಗಿಯೇ ಬಿಟ್ಟು ಬೀಳುತ್ತದೆ.

ಮೊದಲ ದಿನ ಅಬ್ಬಿ. ಊರಿನಿಂದ ಸುಮಾರು ಎಂಟು ಕಿಲೋಮೀಟರ್ ಅಷ್ಟೇ. ಕಾಫಿ ಗಿಡ, ಮೆಣಸಿನ ಬಳ್ಳಿಗಳ ನಡುವೆ ಮೆಟ್ಟಿಲು ಇಳಿಯುವಾಗಲೇ ಭೋರ್ಗರೆತ ಕೇಳಿಸುತ್ತದೆ. ಬ್ರಿಟಿಷರ ಕಾಲದಲ್ಲಿ ಇದನ್ನು ಜೆಸ್ಸಿ ಫಾಲ್ಸ್ ಎನ್ನುತ್ತಿದ್ದರಂತೆ. ‘ಅಬ್ಬಿ’ ಎಂದರೇ ಜಲಪಾತ. “ಹಾಗಾದ್ರೆ ಅಬ್ಬಿ ಫಾಲ್ಸ್ ಅಂದ್ರೆ ಜಲಪಾತ ಜಲಪಾತ!” ಎಂದು ಪುಟ್ಟಿ ಕಂಡುಹಿಡಿದಳು. ಅವಳ ಕೈಯಲ್ಲೊಂದು ನೋಟ್‌ಬುಕ್. ಅದರಲ್ಲಿ ಒಂದು ಪ್ರಶ್ನೆ ಬರೆದುಕೊಂಡಳು: ‘ಈ ನೀರು ಎಲ್ಲಿಗೆ ಹೋಗುತ್ತದೆ?’

ಎರಡನೇ ದಿನ ಇರ್ಪು. ಇದು ದೂರ, ಸುಮಾರು 80 ಕಿಲೋಮೀಟರ್. ವಿರಾಜಪೇಟೆ ದಾಟಿ ಕುಟ್ಟದ ಕಡೆ ಹೋಗಬೇಕು. ಬ್ರಹ್ಮಗಿರಿ ಬೆಟ್ಟದಿಂದ ಬೀಳುವ ಇದು ಲಕ್ಷ್ಮಣತೀರ್ಥ ಹೊಳೆ. ಸೀತೆಯನ್ನು ಹುಡುಕುತ್ತಾ ಬಂದ ರಾಮನಿಗೆ ಬಾಯಾರಿದಾಗ ಲಕ್ಷ್ಮಣ ಬೆಟ್ಟಕ್ಕೆ ಬಾಣ ಬಿಟ್ಟು ನೀರು ಹರಿಸಿದನೆಂದು ಇಲ್ಲಿಯ ಕಥೆ. ರಾಮೇಶ್ವರ ದೇವಸ್ಥಾನಕ್ಕೆ ಕೈಮುಗಿದು, ಕಾಡಿನ ದಾರಿಯಲ್ಲಿ ಮೇಲೆ ಹತ್ತಿದೆವು.

ಇಲ್ಲಿ ನಡೆದದ್ದನ್ನು ನಿಮಗೆ ಹೇಳಲೇಬೇಕು.

ಮಕ್ಕಳು ಹೊಳೆಯ ಅಂಚಿನ ಬಂಡೆಯ ಮೇಲೆ ಕೂತು, ನೀರಿಗೆ ಕಾಲು ಇಳಿಬಿಟ್ಟಿದ್ದರು. ಎಳೆಬಿಸಿಲಿತ್ತು. ನೀರು ಮೊಣಕಾಲಿಗೂ ಬರುತ್ತಿರಲಿಲ್ಲ. ಅಷ್ಟರಲ್ಲಿ ಆ ಕಡೆಯವರೇ ಆದ ಒಬ್ಬ ಅಜ್ಜ ಹತ್ತಿರ ಬಂದು, “ಅಮ್ಮಾ, ಮಕ್ಕಳನ್ನ ಮೇಲೆ ಕರ್ಕೊಳ್ಳಿ. ಬೆಟ್ಟದಲ್ಲಿ ಮಳೆ ಬಿದ್ದಿದೆ” ಎಂದರು. ನಾನು ಆಕಾಶ ನೋಡಿ, “ಬಿಸಿಲಿದೆಯಲ್ಲ ಅಜ್ಜ, ಇನ್ನೈದು ನಿಮಿಷ” ಎಂದುಬಿಟ್ಟೆ. ಅವರು ಬೈಯಲಿಲ್ಲ. “ಆಕಾಶ ಬೇಡ, ನೀರು ನೋಡಿ” ಎಂದರು.

ನೋಡಿದೆ. ತಳದ ಕಲ್ಲು ಕಾಣುವಷ್ಟು ತಿಳಿಯಾಗಿದ್ದ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ತರಗೆಲೆ, ಕಡ್ಡಿಗಳು ತೇಲಿಬರುತ್ತಿದ್ದವು. ಜಲಪಾತದ ಸದ್ದೂ ಭಾರವಾಗಿತ್ತು. ಭಾವ ಓಡಿಬಂದು ಇಬ್ಬರನ್ನೂ ಎಳೆದುಕೊಂಡರು. “ನನ್ನ ಚಪ್ಪಲಿ!” ಎಂದು ಚಿನ್ನು ತಿರುಗಿ ಹೋಗಲು ಕೊಸರಾಡಿದ. ಭಾವ ಕೈ ಬಿಡಲಿಲ್ಲ. ನಾವು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಂತೆಯೇ ಚಪ್ಪಲಿ ಹೋಯಿತು. ಇನ್ನು ಸ್ವಲ್ಪ ಹೊತ್ತಿಗೆ ಮಕ್ಕಳು ಕೂತಿದ್ದ ಬಂಡೆಯೇ ಕಾಣಲಿಲ್ಲ.

ನಾನು ಕೇಳಿದ್ದು ಐದೇ ನಿಮಿಷ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಚಿನ್ನುವನ್ನು ಕೂರಿಸಿಕೊಂಡು, “ತಪ್ಪು ನನ್ನದು ಕಣೋ” ಎಂದೆ. ಅವನು ಯೋಚಿಸಿ, “ಹಾಗಾದ್ರೆ ಚಪ್ಪಲಿ ನೀನೇ ಕೊಡಿಸು” ಎಂದ. ಕೊಡಿಸಿದೆ.

ಮೂರನೇ ದಿನ ಮಲ್ಲಳ್ಳಿ. ಸೋಮವಾರಪೇಟೆಯಿಂದ ಮುಂದೆ, ಪುಷ್ಪಗಿರಿ ಬೆಟ್ಟದ ತಪ್ಪಲಿನಲ್ಲಿದೆ. ಕುಮಾರಧಾರಾ ನದಿ ಇಲ್ಲಿ ಸುಮಾರು 200 ಅಡಿ ಕೆಳಗೆ ಧುಮುಕುತ್ತದೆ. ನೂರಾರು ಮೆಟ್ಟಿಲುಗಳಿವೆ. ಇಳಿಯುವುದು ಸುಲಭ, ಹತ್ತುವಾಗ ಗೊತ್ತಾಗುತ್ತದೆ! ಹೊಸ ಚಪ್ಪಲಿಯ ಚಿನ್ನು ಕಟಕಟೆ ಹಿಡಿದು ಮೊದಲು ನೀರಿನ ಬಣ್ಣ ನೋಡಿದ. ಆಮೇಲೆ ಜಲಪಾತ ನೋಡಿದ. ಫೋಟೊ ತೆಗೆಯಲು ಕಟಕಟೆ ದಾಟುತ್ತಿದ್ದ ಇಬ್ಬರು ಹುಡುಗರಿಗೆ, “ಅಣ್ಣಾ, ಬಂಡೆ ಜಾರುತ್ತೆ. ನನ್ನ ಚಪ್ಪಲಿ ಹೋಗಿದೆ” ಎಂದ. ಅವರು ನಗುತ್ತಲೇ ವಾಪಸು ಬಂದರು.

ರಾತ್ರಿ ಪುಟ್ಟಿ ಭೂಪಟ ಹರಡಿ ಕೂತಳು. ಅಬ್ಬಿಯ ನೀರು ಕಾವೇರಿಗೆ ಹೋಗುತ್ತದೆ. ಇರ್ಪುವಿನ ಲಕ್ಷ್ಮಣತೀರ್ಥ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನೇ ಸೇರುತ್ತದೆ. ಎರಡೂ ಕೊನೆಗೆ ತಮಿಳುನಾಡು ದಾಟಿ ಬಂಗಾಳಕೊಲ್ಲಿಗೆ. ಆದರೆ ಮಲ್ಲಳ್ಳಿಯ ಕುಮಾರಧಾರಾ ಸುಬ್ರಹ್ಮಣ್ಯದ ಮೂಲಕ ಹರಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಮಂಗಳೂರಿನಲ್ಲಿ ಅರಬ್ಬೀ ಸಮುದ್ರಕ್ಕೆ ಸೇರುತ್ತದೆ!

“ಒಂದೇ ಜಿಲ್ಲೆಯ ನೀರು ಎರಡು ಕಡೆಗೆ ಯಾಕೆ ಹೋಗುತ್ತೆ?” ಎಂದಳು. ಭಾವ ಹೆಂಚಿನ ಮಾಡು ತೋರಿಸಿದರು. ಮಾಡಿನ ನೆತ್ತಿಯ ಈಚೆ ಬಿದ್ದ ಹನಿ ಅಂಗಳಕ್ಕೆ, ಆಚೆ ಬಿದ್ದದ್ದು ಹಿತ್ತಲಿಗೆ. ಪಶ್ಚಿಮಘಟ್ಟವೂ ಅಂಥದೇ ಒಂದು ದೊಡ್ಡ ಮಾಡು.

ನೀವೂ ಜಲಪಾತಕ್ಕೆ ಹೋಗಿ, ಮಕ್ಕಳೇ. ನೀರು ಕೆಂಪಾದರೆ, ಎಲೆ ಕಡ್ಡಿ ತೇಲಿಬಂದರೆ, ಸದ್ದು ಬದಲಾದರೆ ಆ ಕ್ಷಣವೇ ಮೇಲಕ್ಕೆ ಬನ್ನಿ. ಆ ಊರಿನವರು ಹೇಳಿದ ಮಾತು ಕೇಳಿ. ನನ್ನ ಹಾಗೆ ಯಾರಾದರೂ ದೊಡ್ಡವರು “ಇನ್ನೈದು ನಿಮಿಷ” ಎಂದರೆ, ಅವರ ಕೈಯನ್ನೂ ಹಿಡಿದು ಎಳೆದುಕೊಂಡು ಬನ್ನಿ.

ಮನೆಗೆ ಬಂದ ಮೇಲೆ ಭೂಪಟ ತೆಗೆದು, ನೀವು ನೋಡಿದ ನೀರು ಯಾವ ಕಡಲಿಗೆ ಹೊರಟಿದೆ ಎಂದು ಹುಡುಕಿ. ನನಗೆ ಬರೆದು ತಿಳಿಸಿ.

ನಿಮ್ಮ ಪ್ರೀತಿಯ
ಚಿಕ್ಕಮ್ಮ