ಎಂಜಿನ್ನಿನ ಕಡಿವಾಣ

ಮಾಮೂಲ್‌ಪೇಟೆಯಿಂದ ಹೊರಟು ಮಾರ್ಕೆಟ್ಟನ್ನು ದಾಟಿ ಪುರಭವನದ ಮುಂದೆ ಹಾಯ್ದರೆ ದೊರೆಯುವ ಜಯಚಾಮರಾಜೇಂದ್ರ ರಸ್ತೆಯು ಮೋಟಾರಿನ ಬಿಡಿಭಾಗಗಳಿಗೆ ಹೆಸರಾದುದು. ಅಲ್ಲಿ ಸಿಕ್ಕದ ಭಾಗವಿಲ್ಲವೆಂಬುದು ನಮ್ಮ ಊರಿನವರ ಹೆಮ್ಮೆ. ಈಚೆಗೆ ಈ ನಗರದ ಕೆಲವರು ತರುಣರಿಗೆ ಬೇಕಾಗಿರುವುದಾದರೋ ಭಾಗವನ್ನು ಸೇರಿಸುವವರಲ್ಲ, ತೆಗೆಯುವವರು. ಎಂಜಿನ್ನಿನ ಸುತ್ತುಗಳಿಗೆ ತಯಾರಕರು ಗೊತ್ತುಮಾಡಿರುವ ಮಿತಿಯನ್ನು, ಎಂದರೆ ರೆವ್ ಲಿಮಿಟರೆಂಬ ಕಡಿವಾಣವನ್ನು, ಸಡಿಲಿಸಿ ಇಲ್ಲವೆ ಕಿತ್ತುಹಾಕಿ ಕೊಡಬೇಕೆಂಬುದು ಇವರ ಅಪೇಕ್ಷೆ. ಹಣಕ್ಕೆ ಮಾಡಿಕೊಡುವವರೂ ಇದ್ದಾರೆ. ಕಂಪೆನಿಯವರು ಎಂಜಿನ್ನಿನ ಶಕ್ತಿಯನ್ನು ಬಚ್ಚಿಟ್ಟಿದ್ದಾರೆ, ನಾವು ಕೊಂಡ ವಸ್ತುವನ್ನು ನಾವು ಪೂರ್ತಿಯಾಗಿ ಬಳಸಿಕೊಂಡರೆ ಯಾರಿಗೇನು ನಷ್ಟ, ಎಂಬುದು ಇವರ ವಾದ.

ಈ ವಾದವು ಲೆಕ್ಕದ ಮುಂದೆ ನಿಲ್ಲಲಾರದು. ನಿಮಿಷಕ್ಕೆ 6,500 ಸುತ್ತು ತಿರುಗುವ ಎಂಜಿನ್ನಿನಲ್ಲಿ ಒಂದೊಂದು ಪಿಸ್ಟನ್ನೂ ಸೆಕೆಂಡಿಗೆ ಇನ್ನೂರು ಸಲಕ್ಕಿಂತ ಹೆಚ್ಚಾಗಿ ನಿಂತು, ದಿಕ್ಕು ಬದಲಿಸಿ, ಮರಳಿ ಓಡಬೇಕು. ಇದರಿಂದ ಕನೆಕ್ಟಿಂಗ್ ರಾಡಿನ ಮೇಲೆ ಬೀಳುವ ಎಳೆತವು ಸುತ್ತಿನ ವರ್ಗಕ್ಕೆ ಅನುಗುಣವಾಗಿ ಏರತಕ್ಕದ್ದು. ಮಿತಿಯನ್ನು 7,500ಕ್ಕೆ ಎತ್ತಿದರೆ ಸುತ್ತು ಏರುವುದು ಆರರಲ್ಲೊಂದು ಪಾಲಿಗಿಂತ ಕಡಮೆ, ಎಳೆತ ಏರುವುದು ಮೂರರಲ್ಲೊಂದು ಪಾಲು! ವಾಲ್ವುಗಳ ಸ್ಪ್ರಿಂಗು ಆ ಭರಕ್ಕೆ ಸರಿಸಾಟಿಯಾಗಿ ಮುಚ್ಚಲಾರದೆ ಹಿಂದೆ ಬಿದ್ದರೆ, ತೆರೆದ ವಾಲ್ವಿಗೆ ಮೇಲೇರುವ ಪಿಸ್ಟನ್ನು ಬಡಿದು ಎಂಜಿನ್ನು ಒಂದು ಕ್ಷಣದಲ್ಲಿ ಹಾಳಾಗಬಹುದು. ಇಷ್ಟಾಗಿ ಲಾಭವೇನು? ಶಕ್ತಿಯು ಶಿಖರವನ್ನು ಮುಟ್ಟಿದ ಮೇಲೆ, ಎಂಜಿನ್ನಿಗೆ ಉಸಿರು ಸಾಲದೆ ಅದು ಇಳಿಮುಖವಾಗುವುದು. ಏರುತ್ತ ಹೋಗುವುದು ಶಬ್ದವೊಂದೇ. ಪಂದ್ಯದ ಎಂಜಿನ್ನುಗಳನ್ನು ಕಟ್ಟುವವರು ಮಿತಿಯನ್ನು ಎತ್ತುವುದುಂಟು. ಆದರೆ ಅವರು ಮೊದಲು ರಾಡು, ಸ್ಪ್ರಿಂಗು, ಪಿಸ್ಟನ್ನುಗಳನ್ನು ಬದಲಾಯಿಸಿ ಆಮೇಲೆ ಎತ್ತುತ್ತಾರೆ, ಮತ್ತು ಆ ವಾಹನವನ್ನು ಮದರಾಸಿನ ಬಳಿಯ ಇರುಂಗಾಟ್ಟುಕೋಟೆಯಂತಹ ಪಂದ್ಯದ ಹಾದಿಯಲ್ಲಿ ಓಡಿಸುತ್ತಾರೆಯೇ ಹೊರತು ಅವೆನ್ಯೂ ರಸ್ತೆಯಲ್ಲಲ್ಲ.

ಯಂತ್ರಕ್ಕೆ ಕಡಿವಾಣ ಹಾಕುವುದು ಇಂದಿನ ಕಂಪೆನಿಗಳ ಕುಯುಕ್ತಿಯೇನೂ ಅಲ್ಲ. 1788ರಲ್ಲಿಯೇ ಜೇಮ್ಸ್ ವಾಟನು ತನ್ನ ಉಗಿಯಂತ್ರಕ್ಕೆ ತಿರುಗುವ ಗುಂಡುಗಳ ಗವರ್ನರನ್ನು ಅಳವಡಿಸಿದನು. ನಮ್ಮ ಅಧಿಕಾರಿಗಳು ಬಹುಕಾಲ ಓಡಾಡಿದ ಅಂಬಾಸಡರ್ ಕಾರಿನಲ್ಲಿ ಡ್ರೈವರನ ಕಿವಿಯೇ ಲಿಮಿಟರಾಗಿತ್ತು. ಎಂಜಿನ್ನು ನರಳಿದರೆ ಅವನು ಕಾಲು ಎತ್ತುತ್ತಿದ್ದನು. ಡೀಸೆಲ್ ಲಾರಿಗಳಿಗೆ ಮಾತ್ರ ಇಂಧನದ ಪಂಪಿನಲ್ಲಿಯೇ ಗವರ್ನರಿದ್ದು, ಅದರ ತಿರುಪಿಗೆ ಮೊಹರು ಹಾಕಿರುತ್ತಿತ್ತು. 1951ರಲ್ಲಿ ಸ್ಥಾಪಿತವಾದ ಮೈಕೋ ಸಂಸ್ಥೆಯು ಅಂತಹ ಪಂಪುಗಳನ್ನು ನಮ್ಮ ಆಡುಗೋಡಿಯಲ್ಲಿಯೇ ತಯಾರಿಸಿತು. ಮೊಹರು ಹಾಕುವುದನ್ನು ಕಲಿತ ಊರಿಗೆ ಮೊಹರು ಒಡೆಯುವುದನ್ನು ಬೇರೆಯವರು ಬಂದು ಕಲಿಸಬೇಕಾಗಲಿಲ್ಲ.

ಸುತ್ತಿನ ಮಿತಿ ಬೇರೆ, ರಸ್ತೆಯ ಮೇಲಿನ ವೇಗದ ಮಿತಿ ಬೇರೆ ಎಂಬುದನ್ನು ನಾವು ಬಲ್ಲೆವು. ಆದರೆ ಎರಡನ್ನೂ ಕೀಳುವ ಕೈ ಒಂದೇ ತೆರನಾದುದು. 2015ನೇ ಇಸವಿ ಅಕ್ಟೋಬರ್ 1ರಿಂದ ತಯಾರಾದ ಬಹುಪಾಲು ಸಾರಿಗೆ ವಾಹನಗಳಿಗೆ ಗಂಟೆಗೆ 80 ಕಿಲೋಮೀಟರಿನ, ಶಾಲೆಯ ಬಸ್ಸುಗಳಿಗೂ ಟ್ಯಾಂಕರುಗಳಿಗೂ 60 ಕಿಲೋಮೀಟರಿನ ವೇಗನಿಯಂತ್ರಕವು ಕಡ್ಡಾಯವಾಯಿತು. ಧನಿಕರ ಮಗನ ಕಾರಿನ ಮಿತಿಯನ್ನು ವಿನೋದಕ್ಕಾಗಿ ಅಳಿಸಿದವನು, ಬಸವನಗುಡಿಯ ಮಕ್ಕಳನ್ನು ಹೊತ್ತ ಬಸ್ಸಿನ ಮಿತಿಯನ್ನು ಬಾಡಿಗೆಯ ಆಸೆಗಾಗಿ ಅಳಿಸಲು ಹಿಂಜರಿಯುವನೆಂದು ನಂಬುವುದು ಹೇಗೆ? ವಿಕ್ಟೋರಿಯಾ ಆಸ್ಪತ್ರೆಯ ಸುತ್ತ 100 ಮೀಟರು ನಿಶ್ಶಬ್ದ ವಲಯ. ರಾತ್ರಿ 40 ಡೆಸಿಬಲ್ಲಿಗೆ ಮೀರಕೂಡದೆಂಬ ನಿಯಮವಿದೆ. ಕಾರನ್ನು ನಿಲ್ಲಿಸಿಕೊಂಡು ಎಂಜಿನ್ನನ್ನು ಕಿರುಚಿಸುವ ವಿನೋದವು ಅಲ್ಲಿ ಮಲಗಿರುವ ರೋಗಿಗೆ ಹೇಗಿರುವುದೆಂಬುದನ್ನು ಹೇಳಬೇಕಾಗಿಲ್ಲ.

ಕಾನೂನು ಇಲ್ಲವೆಂದು ಯಾರೂ ಹೇಳುವಂತಿಲ್ಲ. ತಯಾರಕರ ಮೂಲವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಕೂಡದೆಂದು ಸುಪ್ರೀಮ್ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತಿತು. ಅದೇ ವರ್ಷದ ತಿದ್ದುಪಡಿಯು, ನಿಯಮ ಮೀರಿ ಮಾರ್ಪಡಿಸಿದ ಮಾಲೀಕನಿಗೆ ಮಾರ್ಪಾಟೊಂದಕ್ಕೆ 5,000 ರೂಪಾಯಿ ಜುಲ್ಮಾನೆ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡನ್ನೂ ವಿಧಿಸಿತು. ವಾಹನದ ರಚನೆಯ ನಿಯಮಗಳನ್ನು ಮೀರುವ ಡೀಲರಿಗಾದರೆ ಒಂದು ವರ್ಷದವರೆಗೆ ಸೆರೆ ಅಥವಾ ವಾಹನವೊಂದಕ್ಕೆ ಒಂದು ಲಕ್ಷ ರೂಪಾಯಿ. ಇಲ್ಲಿ ಅಧಿಕಾರವರ್ಗದವರು ಗಮನಿಸಬೇಕಾದುದೊಂದಿದೆ: 1988ರ ಮೋಟಾರು ವಾಹನಗಳ ಕಾಯಿದೆಯಲ್ಲಿ ಡೀಲರೆಂಬ ಪದದ ಅರ್ಥದೊಳಗೆ ವಾಹನಗಳ ದುರಸ್ತಿಯಲ್ಲಿ ತೊಡಗಿದವನೂ ಸೇರಿದ್ದಾನೆ. ಕಡಿವಾಣವನ್ನು ಕೈಯಾರ ಕಿತ್ತವನನ್ನು ಬಿಟ್ಟು ಬೀದಿಯಲ್ಲಿ ಸಿಕ್ಕ ಹುಡುಗನಿಂದ ಜುಲ್ಮಾನೆ ವಸೂಲು ಮಾಡಿ ಕೈತೊಳೆದುಕೊಳ್ಳುವುದಕ್ಕೆ ಕಾಯಿದೆಯ ನೆಪವಿಲ್ಲ. ಮಾಮೂಲೆಂಬ ಮಾತು ಪೇಟೆಯ ಹೆಸರಾಗಿ ಇದ್ದರೆ ಸಾಕು, ತಪಾಸಣೆಯ ರೀತಿಯಾಗುವುದು ಬೇಡ.

ಕಷ್ಟವಿರುವುದು ಪತ್ತೆಯಲ್ಲಿ. ನೋಂದಣಿ ಪತ್ರದಲ್ಲಿ ಸಿಲಿಂಡರುಗಳ ಸಂಖ್ಯೆಯಿದೆ, ಸುತ್ತಿನ ಮಿತಿಯಿಲ್ಲ. ಸೈಲೆನ್ಸರನ್ನು ಬದಲಿಸಿದರೆ ಕಿವಿಗೆ ಕೇಳುವುದು. ಈಗಿನ ಲಿಮಿಟರು ಎಂಜಿನ್ನಿನ ಕಂಪ್ಯೂಟರಿನೊಳಗಿನ ಒಂದು ಅಂಕಿ. ಬಾನೆಟ್ಟು ಎತ್ತಿ ನೋಡಿದ ಇನ್‌ಸ್ಪೆಕ್ಟರಿಗೆ ಕಾಣುವುದೇನು? ಆದಾಗ್ಗೂ ಹೊಸ ವಾಹನಗಳ ಪರೀಕ್ಷಾ ಕಿಂಡಿಗೆ ಸ್ಕ್ಯಾನರನ್ನು ಜೋಡಿಸಿ ಕಂಪ್ಯೂಟರಿನ ಕ್ರಮವಿಧಿಯ ಗುರುತಿನ ಸಂಖ್ಯೆಯನ್ನು ಓದಬಹುದು. ತಯಾರಕರಿಂದ ಮೂಲಸಂಖ್ಯೆಗಳ ಪಟ್ಟಿಯನ್ನು ತರಿಸಿಟ್ಟುಕೊಂಡು ತಾಳೆ ನೋಡಿದರೆ ಬಹಳಷ್ಟು ಮಾರ್ಪಾಟುಗಳು ಹೊರಬೀಳುವುವು. ಸಾರಿಗೆ ಇಲಾಖೆಯವರು ಪ್ರತಿಯೊಂದು ಪ್ರಾದೇಶಿಕ ಕಚೇರಿಯಲ್ಲಿಯೂ ಈ ಸಲಕರಣೆಯನ್ನೂ ಅದನ್ನು ಬಲ್ಲ ಒಬ್ಬ ನೌಕರನನ್ನೂ ಇಟ್ಟು, ಈ ತಪಾಸಣೆಯನ್ನು ಶಾಲೆಗಳ ಬಸ್ಸುಗಳಿಂದ, ಬೇಸಗೆಯ ರಜ ಮುಗಿಯುವುದರೊಳಗೆ, ಪ್ರಾರಂಭಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ.